ಓದುಗರ ಪ್ರಶ್ನೆ, ನಮ್ಮ ಉತ್ತರ: ತೋಟಾವನ್ನು ಮನೆಯಲ್ಲೇ ತುಂಬಿಕೊಳ್ಳಬಹುದೇ?

ಪ್ರಶ್ನೆ (ಪೊನ್ನಂಪೇಟೆಯ ಓದುಗರಿಂದ): ನನ್ನ ಬಳಿ 0.22 ರೈಫಲ್ ಇದೆ. ಕಳೆದ ಸೆಪ್ಟೆಂಬರ್‌ನಲ್ಲಿ ಕೈಲ್ ಪೊಳ್ದ್ (ಕೊಡವರ ಆಯುಧಪೂಜೆಯ ಹಬ್ಬ) ದಿನ ನಮ್ಮೂರ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯಿತು. 50 ಮೀಟರ್ ದೂರದ ಕಾಯಿಗೆ ನಾನು ಹೊಡೆದ ಮೂರು ಗುಂಡುಗಳೂ ಅದರ ಎಡಗಡೆಯಿಂದಲೇ ಹೋದವು. ಮಾರ್ಚ್ ತಿಂಗಳಲ್ಲಿ ಇದೇ ರೈಫಲ್ ಗುರಿ ತಪ್ಪಿರಲಿಲ್ಲ. ಅಮೆರಿಕದಲ್ಲಿರುವ ನನ್ನ ಚಿಕ್ಕಪ್ಪನ ಮಗ ತನ್ನ ತೋಟಾಗಳನ್ನು ತಾನೇ ತುಂಬಿಕೊಂಡು 1000 ಗಜದ ಸ್ಪರ್ಧೆಗಳಿಗೆ ಹೋಗುತ್ತಾನೆ. ನನಗೂ ತೋಟಾ ತುಂಬುವ ಯಂತ್ರ ಕಳುಹಿಸುತ್ತೇನೆ ಎನ್ನುತ್ತಾನೆ. ಹಾಗೆ ತುಂಬಿಕೊಂಡರೆ ನನ್ನ ಗುರಿ ಸುಧಾರಿಸುತ್ತದೆಯೇ? ಕೊಡವರಿಗೆ ಕೋವಿ ಪರವಾನಗಿಯಿಂದ ವಿನಾಯಿತಿ ಇರುವುದರಿಂದ ಕಾನೂನಿನ ತೊಡಕು ಇರಲಾರದು ಎಂದು ಭಾವಿಸಿದ್ದೇನೆ.

ಉತ್ತರ: ಯಂತ್ರ ಕಳುಹಿಸದಂತೆ ನಿಮ್ಮ ತಮ್ಮನಿಗೆ ಇವತ್ತೇ ಫೋನ್ ಮಾಡಿ ಹೇಳಿಬಿಡಿ. ಮೊದಲ ಕಾರಣ ನಿಮ್ಮ ತೋಟಾದಲ್ಲೇ ಇದೆ. 0.22 ತೋಟಾದ ಬುಡದಲ್ಲಿ ಕೇಪು (ಪೆಟ್ಟು ಬಿದ್ದಾಗ ಕಿಡಿ ಹಾರಿಸಿ ಮದ್ದು ಹೊತ್ತಿಸುವ ಪುಟ್ಟ ಲೋಹದ ಬಟ್ಟಲು) ಪ್ರತ್ಯೇಕವಾಗಿ ಇರುವುದಿಲ್ಲ. ಹೊತ್ತಿಕೊಳ್ಳುವ ಮಸಾಲೆಯನ್ನು ಕಾರ್ಖಾನೆಯಲ್ಲಿ ಹಿತ್ತಾಳೆಯ ಅಂಚಿನ ಮಡಿಕೆಯೊಳಗೇ ಹರಡಿರುತ್ತಾರೆ, ರೈಫಲ್‌ನ ಪಿನ್ನು ಆ ಅಂಚನ್ನು ಜಜ್ಜಿದಾಗ ಅದು ಹೊತ್ತಿಕೊಳ್ಳುತ್ತದೆ. ಒಮ್ಮೆ ಜಜ್ಜಿದ ಅಂಚನ್ನು ಮತ್ತೆ ಬಳಸುವಂತಿಲ್ಲ. ನಿಮ್ಮ ತಮ್ಮ ಬಳಸುವುದು ಬುಡದ ನಡುವೆ ಕೇಪು ಕೂರುವ ದೊಡ್ಡ ತೋಟಾ. ಹಾರಿದ ಕೇಪನ್ನು ತೆಗೆದು ಹೊಸದನ್ನು ಕೂರಿಸಿ, ಹಿತ್ತಾಳೆಯ ಕೊಳವೆಯನ್ನು ಅಳತೆಗೆ ತಂದು, ಮದ್ದು ತೂಗಿ ಹಾಕಿ, ಗುಂಡನ್ನು ಬೇಕಾದ ಆಳಕ್ಕೆ ಒತ್ತಿ ಅದೇ ಕೊಳವೆಯನ್ನು ಹಲವು ಸಲ ಬಳಸಬಹುದು.

ಕಾನೂನಿನ ವಿಷಯದಲ್ಲಿ ನಮ್ಮ ಜಿಲ್ಲೆಯಲ್ಲಿ ತಪ್ಪು ತಿಳಿವಳಿಕೆ ಬಹಳವಿದೆ. 1861ರಿಂದ ಬಂದಿರುವ, 2019ರಲ್ಲಿ ಕೇಂದ್ರ ಸರ್ಕಾರ 2029ರ ಅಕ್ಟೋಬರ್ ಅಂತ್ಯದವರೆಗೆ ಮುಂದುವರಿಸಿದ ವಿನಾಯಿತಿಯು ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ ಮತ್ತು ಒಯ್ಯುವುದಕ್ಕೆ ಸಂಬಂಧಿಸಿದ್ದು. ತೋಟಾ ತಯಾರಿಸುವುದು ಬೇರೆಯೇ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಅದಕ್ಕೆ ಪ್ರತ್ಯೇಕ ಪರವಾನಗಿ ಕೇಳುತ್ತದೆ, ಮದ್ದಿನ ದಾಸ್ತಾನಿಗೆ ಸ್ಫೋಟಕಗಳ ಕಾನೂನೂ ಅನ್ವಯಿಸುತ್ತದೆ. ಮುಂದೆಂದಾದರೂ ದೊಡ್ಡ ರೈಫಲ್ ಕೊಂಡು ಈ ಹವ್ಯಾಸಕ್ಕೆ ಇಳಿಯುವ ಮನಸ್ಸಾದರೆ, ಒಂದು ಸ್ಕ್ರೂ ತರಿಸುವುದಕ್ಕೂ ಮೊದಲು ಜಿಲ್ಲಾಧಿಕಾರಿಗಳ ಕಚೇರಿಯಿಂದ ಲಿಖಿತ ಉತ್ತರ ಪಡೆಯಿರಿ.

ಇನ್ನು ನಿಮ್ಮ ತಮ್ಮ ಅಷ್ಟೆಲ್ಲ ಕಷ್ಟಪಡುವುದು ಏತಕ್ಕೆ ಎಂಬುದನ್ನೂ ನೋಡೋಣ, ಏಕೆಂದರೆ ನಿಮ್ಮ ಉತ್ತರದ ಸುಳಿವು ಅಲ್ಲಿದೆ. ಕೆನಡಾದಲ್ಲಿ ಸಂಬಂಧಿಕರ ಮನೆಯಲ್ಲಿದ್ದಾಗ ಅಲ್ಲಿನ ಗುರಿಕಾರರೊಬ್ಬರು ತೋಟಾ ತುಂಬುವುದನ್ನು ಇಡೀ ಸಂಜೆ ಕೂತು ನೋಡಿದ್ದೇನೆ. ಚಿನ್ನದ ಅಂಗಡಿಯದಕ್ಕಿಂತ ಸೂಕ್ಷ್ಮವಾದ ತಕ್ಕಡಿಯ ಮುಂದೆ ಅವರು ಚಿಮುಟ ಹಿಡಿದು ಕೂತಿದ್ದರು. ತಟ್ಟೆಯಲ್ಲಿದ್ದ ಮದ್ದು ತುಸು ಹೆಚ್ಚಾಯಿತೆಂದು ಸಾಸಿವೆಗಿಂತ ಚಿಕ್ಕದಾದ ಒಂದೇ ಒಂದು ಕಾಳನ್ನು ಎತ್ತಿ ಡಬ್ಬಿಗೆ ಹಾಕಿದರು. ಇಷ್ಟೆಲ್ಲ ಮಾಡುವುದು ಪ್ರತಿಯೊಂದು ಗುಂಡೂ ಒಂದೇ ವೇಗದಲ್ಲಿ ಹೊರಡಲಿ ಎಂಬ ಒಂದೇ ಆಸೆಗೆ. 0.308ರಂಥ ರೈಫಲ್‌ನ ಗುಂಡು 1000 ಗಜ ಮುಟ್ಟಲು ಒಂದೂವರೆ ಸೆಕೆಂಡಿಗೂ ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟು ಹೊತ್ತೂ ಅದು ನೆಲದ ಕಡೆಗೆ ಬೀಳುತ್ತಲೇ ಇರುತ್ತದೆ. ಹೊರಡುವಾಗಿನ ವೇಗದಲ್ಲಿ ಸೆಕೆಂಡಿಗೆ 8 ಮೀಟರ್ ಹೆಚ್ಚುಕಡಿಮೆಯಾದರೆ ಗುರಿಯ ಬಳಿ ಹತ್ತಿರ ಹತ್ತಿರ ಒಂದು ಗೇಣು ಮೇಲೆ ಕೆಳಗೆ ಆಗುತ್ತದೆ. ಅಮೆರಿಕದ ಎಫ್-ಕ್ಲಾಸ್ ಎಂಬ ದೂರದ ಗುರಿಯ ರೈಫಲ್ ಸ್ಪರ್ಧೆಗಳಲ್ಲಿ ಆ ದೂರದ ಹತ್ತು ಅಂಕದ ವೃತ್ತದ ಅಗಲವೇ 10 ಅಂಗುಲ. ಮಧ್ಯಕ್ಕೆ ಹಿಡಿದ ಗುಂಡು ಗೇಣು ಸರಿದರೆ ವೃತ್ತದಿಂದ ಹೊರಗೆ. ನಿಮ್ಮ 50 ಮೀಟರ್‌ನಲ್ಲಿ ಅಷ್ಟೇ ವ್ಯತ್ಯಾಸದಿಂದ ಗುಂಡು ಸರಿಯುವುದು ಅರ್ಧ ಸೆಂಟಿಮೀಟರ್ ಆಸುಪಾಸು, ತೆಂಗಿನಕಾಯಿಗೆ ಅದು ಲೆಕ್ಕಕ್ಕೇ ಬಾರದು.

ಗಮನಿಸಿ, ಮದ್ದಿನ ಹೆಚ್ಚುಕಡಿಮೆ ಗುಂಡನ್ನು ಮೇಲಕ್ಕೋ ಕೆಳಕ್ಕೋ ಒಯ್ಯುತ್ತದೆ. ನಿಮ್ಮ ಮೂರೂ ಗುಂಡುಗಳು ಹೋದದ್ದು ಎಡಕ್ಕೆ, ಅದೂ ಒಂದೇ ಕಡೆಗೆ. ತೋಟಾ ಕೆಟ್ಟಿದ್ದರೆ ಗುಂಡುಗಳು ಚದುರಬೇಕಿತ್ತು. ಅಡ್ಡಗಾಳಿಯಿಂದ 0.22 ಗುಂಡು ಸ್ವಲ್ಪ ಸರಿಯುವುದು ನಿಜವಾದರೂ ಮೂರನ್ನೂ ಕಾಯಿಯಿಂದಾಚೆ ತಳ್ಳುವಷ್ಟು ಗಾಳಿ ಬೀಸಿದ್ದರೆ ನೀವೇ ಪತ್ರದಲ್ಲಿ ಬರೆಯುತ್ತಿದ್ದಿರಿ. ಮಾರ್ಚ್‌ಗೂ ಸೆಪ್ಟೆಂಬರ್‌ಗೂ ನಡುವೆ ನಮ್ಮಲ್ಲಿ ಏನಾಗುತ್ತದೆ? ಮೂರು ತಿಂಗಳು ಬಿಡದ ಮಳೆ. ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವಂತೆ ರೈಫಲ್‌ನ ನಳಿಗೆ ಕೂರುವ ಮರದ ಸ್ಟಾಕ್ ಕೂಡ ತೇವ ಕುಡಿದು ಉಬ್ಬುತ್ತದೆ, ಉಬ್ಬಿದ ಮರ ನಳಿಗೆಯನ್ನು ಒಂದು ಬದಿಯಿಂದ ಒತ್ತುತ್ತದೆ. ನನ್ನ ರೈಫಲ್‌ನಲ್ಲೂ ಹೀಗೆಯೇ ಆಗಿತ್ತು: ಬೇಸಿಗೆಯಲ್ಲಿ ನಳಿಗೆಗೂ ಮರಕ್ಕೂ ನಡುವೆ ತೂರಿಸಿದ ಹತ್ತು ರೂಪಾಯಿಯ ನೋಟು ತುದಿಯಿಂದ ಬುಡದವರೆಗೆ ಸಲೀಸಾಗಿ ಹೋಗುತ್ತಿತ್ತು, ಆಗಸ್ಟ್‌ನಲ್ಲಿ ಎರಡು ಅಂಗುಲ ಹೋಗಿ ಬಲಗಡೆಯಲ್ಲಿ ನಿಂತಿತು. ಗುಂಡು ಎಡಕ್ಕೆ ಹೋಗುತ್ತಿದ್ದುದು ಅದಕ್ಕೇ. ಅಷ್ಟರಲ್ಲಿ ನಾನು ಎರಡು ಪೆಟ್ಟಿಗೆ ತೋಟಾವನ್ನೂ ನನ್ನ ಕಣ್ಣನ್ನೂ ಬೈದು ಮುಗಿಸಿದ್ದೆ.

ಆದ್ದರಿಂದ ರೈಫಲ್ ಖಾಲಿ ಇದೆಯೆಂದು ಎರಡು ಬಾರಿ ನೋಡಿಕೊಂಡು ಈ ನೋಟಿನ ಪರೀಕ್ಷೆ ಮಾಡಿ. ಕೆಲವು ಮಾದರಿಗಳಲ್ಲಿ ನಳಿಗೆಯನ್ನು ಮರಕ್ಕೆ ಬಿಗಿದೇ ಇರುತ್ತಾರೆ, ಅವುಗಳಿಗೆ ಇದು ಸಲ್ಲದು. ಅಲ್ಲಿ ಸ್ಕ್ರೂಗಳ ಬಿಗಿತ ನೋಡಬೇಕು. ನೋಟು ಸಿಕ್ಕಿಕೊಂಡರೆ ಪರವಾನಗಿ ಇರುವ ಕೋವಿ ರಿಪೇರಿಯವರಲ್ಲಿ ಆ ಜಾಗವನ್ನು ತುಸು ಉಜ್ಜಿಸಿ, ಉಜ್ಜಿದ ಮರಕ್ಕೆ ಒಳಗಿನಿಂದಲೂ ವಾರ್ನಿಷ್ ಹಾಕಿಸಿ. ಹೊರಮೈ ಮಿರುಗುತ್ತಿದ್ದರೂ ಒಳಗೆ ಬರೀ ಮರ ಬಿಟ್ಟಿರುವ ಸ್ಟಾಕ್‌ಗಳೇ ಹೆಚ್ಚು. ತೋಟಾದ ವಿಷಯದಲ್ಲಿ ನೀವು ಮಾಡಬಹುದಾದದ್ದು ಒಂದೇ: ಪೆಟ್ಟಿಗೆಯ ಮೇಲಿನ ಲಾಟ್ (ಕಾರ್ಖಾನೆಯಲ್ಲಿ ಒಂದೇ ಸಲಕ್ಕೆ ತಯಾರಾದ ಕಂತು) ಸಂಖ್ಯೆ ನೋಡಿ, ಎರಡು ಮೂರು ಲಾಟ್‌ಗಳನ್ನು ಕಾಗದದ ಗುರಿಗೆ ಹೊಡೆದು, ನಿಮ್ಮ ನಳಿಗೆಗೆ ಹೊಂದಿದ್ದನ್ನೇ ಹಬ್ಬಕ್ಕೆ ಇಟ್ಟುಕೊಳ್ಳಿ. ಒಂದೇ ಕಂಪನಿಯ ಒಂದೇ ಹೆಸರಿನ ತೋಟಾ ಕೂಡ ಲಾಟ್ ಬದಲಾದರೆ ಬೇರೆ ರೀತಿ ಹೊಡೆಯುತ್ತದೆ. ಒಲಿಂಪಿಕ್ಸ್‌ಗೆ ಹೋಗುವ 50 ಮೀಟರ್ ಗುರಿಕಾರರೂ ತೋಟಾ ತುಂಬುವುದಿಲ್ಲ, ಲಾಟ್ ಆರಿಸುತ್ತಾರೆ.

ಪ್ರಶ್ನೆ (ನಾಪೋಕ್ಲುವಿನಿಂದ): ಅಜ್ಜನ ಕಾಲದ ಪೆಟ್ಟಿಗೆಯೊಂದು ಅಟ್ಟದಲ್ಲಿ ಸಿಕ್ಕಿತು. ಅದರಲ್ಲಿ 12 ಬೋರ್‌ನ ಖಾಲಿ ಹಿತ್ತಾಳೆ ತೋಟಾಗಳೂ, ಮುಚ್ಚಳ ತುಕ್ಕು ಹಿಡಿದ ಮದ್ದಿನ ಡಬ್ಬಿಯೂ ಇವೆ. ಮದ್ದು ಕೆಲಸಕ್ಕೆ ಬರುತ್ತದೆಯೇ?

ಉತ್ತರ: ಬರುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸಲು ಹೋಗಬೇಡಿ. ಕರಿಮದ್ದಾಗಿದ್ದರೆ ಒಣಗಿರುವ ತನಕ ಎಷ್ಟು ವರ್ಷವಾದರೂ ಅದರ ಶಕ್ತಿ ಕುಂದುವುದಿಲ್ಲ, ಒಂದು ಕಿಡಿ ಸಾಕು. ಹೊಗೆಯಿಲ್ಲದ ಮದ್ದಾಗಿದ್ದರೆ ಹಳೆಯದಾದಂತೆ ತಾನೇ ಕೊಳೆತು ಆಮ್ಲ ಬಿಡುತ್ತದೆ, ಹುಳಿ ವಾಸನೆ ಹಾಗೂ ಕೆಂಗಂದು ಹೊಗೆ ಅದರ ಲಕ್ಷಣ. ಒಳಗೊಳಗೇ ಬಿಸಿಯೇರಿ ಹೊತ್ತಿಕೊಳ್ಳುವುದೂ ಉಂಟು. ಮುಚ್ಚಳವನ್ನು ಉಳಿಯಿಟ್ಟು ಎಬ್ಬಿಸಬೇಡಿ, ಒಲೆಗೆ ಹಾಕಬೇಡಿ, ಜೀಪಿನಲ್ಲಿಟ್ಟು ಪೇಟೆಗೆ ಒಯ್ಯಬೇಡಿ. ಅಟ್ಟದ ಕೆಳಗೆ ಒಲೆ ಉರಿಯುತ್ತಿದ್ದರೆ ಆರಿಸಿ, ಪೊಲೀಸ್ ಠಾಣೆಗೆ ತಿಳಿಸಿ, ಅವರು ಬರುವ ತನಕ ಡಬ್ಬಿ ಇದ್ದಲ್ಲೇ ಇರಲಿ. ಖಾಲಿ ಹಿತ್ತಾಳೆ ತೋಟಾಗಳ ಕೇಪು ಹಾರಿದೆಯೇ ಎಂದು ಅವರಿಂದಲೇ ನೋಡಿಸಿ, ಹಾರಿದ್ದರೆ ನೆನಪಿಗೆಂದು ಇಟ್ಟುಕೊಳ್ಳಬಹುದೇ ಎಂಬುದನ್ನೂ ಅವರಲ್ಲೇ ಕೇಳಿ.