ಪಕ್ಕದ ಹೊಲದ ಬೋರಿನಲ್ಲಿ ನೀರು, ನಮ್ಮದರಲ್ಲಿ ಬರೀ ಪುಡಿ. ಯಾಕೆ?

ನೀವು ಮೂರು ವಿಷಯ ಕೇಳಿದ್ದೀರಿ. ನೆಲದಡಿ ಗಂಗೆ ಹರಿಯುತ್ತಾಳೆ ಅಂತಾರಲ್ಲ, ನಿಜವಾ? ಎಂಬತ್ತು ಅಡಿ ಆಚೆ ಇರುವ ಪಕ್ಕದವರ ಬೋರಿನಲ್ಲಿ ನೀರಿದ್ದರೂ ನಿಮ್ಮದು 1,100 ಅಡಿ ಹೋಗಿಯೂ ಯಾಕೆ ಒಣಗಿದೆ? 1,500 ಅಡಿವರೆಗೆ ಇಳಿಸಲಾ?

ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಇಳಿಸಬೇಡಿ. ಚಿಂತಾಮಣಿ ಕಡೆಯವರು ಅಂತ ಬರೆದಿದ್ದೀರಿ, ನಾನು ಕೋಲಾರದ ಹತ್ತಿರದವನು. ನಿಮ್ಮ ನೆಲವೂ ನಮ್ಮ ನೆಲವೂ ಒಂದೇ ಕಲ್ಲು.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಅಪ್ಪ ಬೋರು ಕೊರೆಸಿದರು. ರಾತ್ರಿಯಿಡೀ ಲಾರಿ ಪಕ್ಕದಲ್ಲೇ ಕೂತಿದ್ದೆವು. ಒಂದೊಂದು ರಾಡು ಇಳಿದಾಗಲೂ ಮೇಲೆ ಬಂದ ಪುಡಿಯನ್ನು ಕೆಲಸದವರು ಒಂದೊಂದು ಗುಡ್ಡೆ ಮಾಡಿ ಸಾಲಾಗಿ ಇಡುತ್ತಿದ್ದರು. ಮೊದಲ ಗುಡ್ಡೆ ಕೆಂಪು. ಮುಂದಿನ ಎರಡು ಹಳದಿ ಬೆರೆತ ಬಿಳುಪು, ಬೆರಳಲ್ಲಿ ಹಿಸುಕಿದರೆ ಉದುರುವ ಗೊರಚು. ಅರವತ್ತು ಅಡಿಗೆ ಕೇಸಿಂಗ್, ಅಂದರೆ ಸಡಿಲ ಮಣ್ಣು ಕುಸಿಯದಂತೆ ಇಳಿಸುವ ಪೈಪು, ಕೂತಿತು. ಅಲ್ಲಿಂದ ಬೂದಿ ಬಣ್ಣದ ಪುಡಿ, ರಾಗಿ ಹಿಟ್ಟಿಗಿಂತ ನುಣುಪು. 280 ಅಡಿಯಲ್ಲಿ ಪುಡಿ ಒಮ್ಮೆ ಒದ್ದೆಯಾಯಿತು. ಅಮ್ಮ ಕೈ ಮುಗಿದರು. ಮುಂದಿನ ರಾಡಿಗೆ ಮತ್ತೆ ಒಣ ಪುಡಿ. 900 ಅಡಿಗೆ ನಿಲ್ಲಿಸಿದಾಗ ಕೊನೆಯ ಮೂವತ್ತು ಗುಡ್ಡೆಗಳೂ ಒಂದೇ ಬಣ್ಣ. ನಾನು ಮುಂದೆ ಭೂವಿಜ್ಞಾನ ಓದಿದ್ದು ಆ ಗುಡ್ಡೆಗಳಿಂದಾಗಿ. ಈಗ ರೈತರ ಹೊಲಗಳಲ್ಲಿ ಪಾಯಿಂಟ್, ಅಂದರೆ ಬೋರು ಕೊರೆಸುವ ಜಾಗ, ನೋಡುವುದೇ ನನ್ನ ಕೆಲಸ.

ನಿಮ್ಮ ಪ್ರಶ್ನೆಗೆ ಉತ್ತರ ಆ ಗುಡ್ಡೆಗಳ ಸಾಲಿನಲ್ಲೇ ಇದೆ.

ನಮ್ಮ ಕಡೆ ನೆಲದಡಿ ಇರುವುದು ಬಹಳ ಹಳೇ ಕಲ್ಲು. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಕೆಂಪೇಗೌಡರ ಗೋಪುರ ನಿಂತಿದೆಯಲ್ಲ, ಆ ಬಂಡೆಯ ಜಾತಿಯದೇ. ವಯಸ್ಸು ಸುಮಾರು 300 ಕೋಟಿ ವರ್ಷ. ಅದು ಹುಟ್ಟಿದ್ದು ನೆಲದೊಳಗೆ ಹಲವು ಕಿಲೋಮೀಟರ್ ಆಳದಲ್ಲಿ, ಭಾರೀ ಬಿಸಿ ಮತ್ತು ಒತ್ತಡದಲ್ಲಿ. ಅದರ ಹರಳುಗಳು ಒಂದಕ್ಕೊಂದು ಬೆಸೆದುಕೊಂಡಿವೆ. ನೀರು ಕೂರಲು ಸಂದೇ ಇಲ್ಲ. ನೂರು ಕೊಡ ಗಾತ್ರದ ಗಟ್ಟಿ ಬಂಡೆಯಲ್ಲಿ ಒಂದು ಕೊಡದಷ್ಟು ಖಾಲಿ ಜಾಗವೂ ಸಿಗುವುದಿಲ್ಲ.

ಹಾಗಾದರೆ ನೀರು ಎಲ್ಲಿ ನಿಲ್ಲುತ್ತದೆ? ಆ ಹಳದಿ ಗೊರಚಿನಲ್ಲಿ.

ಗೊರಚು ಅಂದರೆ ಕೊಳೆತ ಕಲ್ಲು. ಮಳೆ ನೀರು ಗಾಳಿಯಿಂದ ಸ್ವಲ್ಪ, ಗಿಡದ ಬೇರುಗಳ ಸುತ್ತಲಿನ ಮಣ್ಣಿನಿಂದ ಇನ್ನೂ ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ಕರಗಿಸಿಕೊಂಡು ಇಳಿಯುತ್ತದೆ. ಅದರಿಂದ ನೀರಿಗೆ ಒಂಚೂರು ಹುಳಿ ಗುಣ ಬರುತ್ತದೆ. ಆ ಹುಳಿ ಕಲ್ಲಿನ ಒಂದೊಂದು ಹರಳನ್ನೂ ಒಂದೊಂದು ರೀತಿ ಮುಟ್ಟುತ್ತದೆ. ಫೆಲ್ಡ್‌ಸ್ಪಾರ್ ಅನ್ನುವ ಬಿಳಿ, ಗುಲಾಬಿ ಹರಳು ನಿಧಾನವಾಗಿ ಜೇಡಿಯಾಗುತ್ತದೆ. ಬೆಣಚುಕಲ್ಲು ಮಾತ್ರ ಜಗ್ಗುವುದಿಲ್ಲ, ಮರಳಾಗಿ ಉಳಿಯುತ್ತದೆ. ಕಪ್ಪು ಹರಳುಗಳಲ್ಲಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ನಮ್ಮ ಹೊಲದ ಮಣ್ಣು ಕೆಂಪಾಗಿರುವುದು ಆ ತುಕ್ಕಿನಿಂದಲೇ. ಲಕ್ಷಾಂತರ ವರ್ಷ ಹೀಗೆ ನಡೆದು, ಮೇಲಿನ ಐವತ್ತು ನೂರು ಅಡಿ ಕಲ್ಲು ಸಡಿಲವಾಗಿದೆ. ಅದೇ ನಮ್ಮ ಟ್ಯಾಂಕು. ಹಿಂದೆ ಎತ್ತು ಕಟ್ಟಿ ನೀರೆತ್ತಲು ಕಪಿಲೆ ಹೊಡೆಯುತ್ತಿದ್ದ ನಲವತ್ತು ಅಡಿ ಬಾವಿಗಳಲ್ಲಿ ನೀರಿದ್ದದ್ದು ಈ ಪದರದಿಂದ.

ನದಿ ಅನ್ನುವ ಮಾತು ಇಲ್ಲಿಗೆ ಹೊಂದುವುದಿಲ್ಲ. ನೀರು ಗೊರಚಿನ ಕಾಳು ಕಾಳಿನ ನಡುವೆ ಜಿನುಗುತ್ತದೆ. ದಿನಕ್ಕೆ ಒಂದೆರಡು ಅಡಿ ಸರಿದರೆ ಅದೇ ಜಾಸ್ತಿ. ಸುಣ್ಣಕಲ್ಲಿನ ಪ್ರದೇಶಗಳಲ್ಲಿ ಕಲ್ಲೇ ಕರಗಿ ಗುಹೆಗಳಾಗಿ, ನಿಜವಾಗಿ ಹೊಳೆ ಹರಿಯುವುದುಂಟು. ನಮ್ಮ ಕಲ್ಲು ಹಾಗೆ ಕರಗುವುದಿಲ್ಲ.

ಗೊರಚಿನ ಕೆಳಗೆ ಇರುವುದು ಬಿರುಕುಗಳು ಮಾತ್ರ. ಮೇಲಿನ ಕಲ್ಲು ಸವೆದು ಭಾರ ಇಳಿದಂತೆ ಒಳಗಿನ ಬಂಡೆ ಸಡಿಲಿ, ಪದರ ಪದರವಾಗಿ ಬಿರಿಯುತ್ತದೆ. ನಂದಿ ಬೆಟ್ಟದಲ್ಲಿ ಈರುಳ್ಳಿ ಸಿಪ್ಪೆಯ ಹಾಗೆ ಎದ್ದಿರುವ ಬಂಡೆ ನೋಡಿರುತ್ತೀರಿ. ಕೋಲಾರದ ಅಂತರಗಂಗೆಯಲ್ಲಿ ಬಸವನ ಬಾಯಿಂದ ಬೀಳುವ ನೀರಿಗೂ ಇಂಥ ಬಿರುಕುಗಳೇ ದಾರಿ. ಬೆಟ್ಟದ ಮೇಲೆ ಬಿದ್ದ ಮಳೆ ಬಂಡೆಗಳ ಸಂದಿನಲ್ಲಿ ಇಳಿದು ಅಲ್ಲಿ ಹೊರಬರುತ್ತದೆ. ಇದು ಗೊತ್ತಾದ ಮೇಲೂ ನಾನು ಅಲ್ಲಿಗೆ ಹೋದಾಗ ಬೊಗಸೆ ಒಡ್ಡಿ ತೀರ್ಥ ತಗೊಳ್ಳುತ್ತೇನೆ. ಬೆಟ್ಟ ಮಳೆಯನ್ನು ಹಿಡಿದಿಟ್ಟು ಕೊಡುತ್ತಿದೆಯಲ್ಲ, ಅದಕ್ಕಿಂತ ದೊಡ್ಡದು ಏನು ಬೇಕು?

ನಿಮ್ಮ ಮತ್ತು ಪಕ್ಕದವರ ಬೋರಿನ ವ್ಯತ್ಯಾಸ ಈ ಬಿರುಕಿನದು. ಅವರ ಬೋರು ಗೊರಚಿಗೆ ಸೇರಿಕೊಂಡ ಒಂದು ಬಿರುಕಿಗೆ ತಾಕಿದೆ. ನಿಮ್ಮದು ಎರಡು ಬಿರುಕುಗಳ ನಡುವಿನ ಗಟ್ಟಿ ಬಂಡೆಯಲ್ಲಿ ನೇರ ಇಳಿದಿದೆ. ಎಂಬತ್ತು ಅಡಿ ಬಿಡಿ, ಹತ್ತು ಅಡಿಯಲ್ಲೂ ಹೀಗಾಗುತ್ತದೆ. ಇನ್ನೊಂದು ಸಾಧ್ಯತೆಯೂ ಇದೆ. ನಮ್ಮ ಕಡೆ ಬೂದು ಬಂಡೆಯ ನಡುವೆ ಕರಿಕಲ್ಲಿನ ಗೋಡೆಗಳು ಓಡುತ್ತವೆ, ನೆಲದೊಳಗೇ ಕಟ್ಟಿದ ಒಡ್ಡಿನ ಹಾಗೆ. ಬಂಡೆ ಬಿರಿದಾಗ ಕೆಳಗಿನಿಂದ ಕರಗಿದ ಕಲ್ಲು ನುಗ್ಗಿ ಗಟ್ಟಿಯಾದದ್ದು ಅದು. ಇಳಿಜಾರಿನಲ್ಲಿ ಬರುವ ನೀರು ಎಷ್ಟೋ ಸಲ ಅದರ ಮೇಲ್ಬದಿಗೆ ನಿಂತುಬಿಡುತ್ತದೆ. ಕೆಳಗಿನವರಿಗೆ ಪುಡಿ. ನಿಮ್ಮ ಎರಡು ಹೊಲಗಳ ನಡುವೆ ಕರಿ ಗುಂಡುಗಳು ಸಾಲಾಗಿ ಕಾಣುತ್ತವಾ ನೋಡಿ.

ಇನ್ನು ಆಳದ ಮಾತು. ಆಳಕ್ಕೆ ಹೋದಷ್ಟೂ ಮೇಲಿನ ಭಾರಕ್ಕೆ ಬಿರುಕುಗಳು ಬಿಗಿಯುತ್ತವೆ, ಕಡಿಮೆಯೂ ಆಗುತ್ತವೆ. 1,500 ಅಡಿಯಲ್ಲಿ ಅದೃಷ್ಟಕ್ಕೆ ಒಂದು ಸಿಕ್ಕರೂ ಅದರಲ್ಲಿರುವುದು ಹಳೇ ನೀರು. ಯಾವಾಗಲೋ ಇಳಿದು ಕೂತದ್ದು. ತೆಗೆದರೆ ನಾಳೆಯೇ ತುಂಬುವುದಿಲ್ಲ. ಅಷ್ಟು ಕಾಲ ಕಲ್ಲಿನ ಜೊತೆಗಿದ್ದ ನೀರಿಗೆ ಫ್ಲೋರೈಡ್ ಇಳಿದಿರುವ ಸಾಧ್ಯತೆ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಹಲ್ಲಿನ ಮೇಲೆ ಕಂದು ಪಟ್ಟೆ ಬಿದ್ದ ಮಕ್ಕಳನ್ನು ನಮ್ಮ ಊರುಗಳಲ್ಲಿ ನೋಡಿದಾಗ ನನಗೆ ತಡೆಯಲಾಗುವುದಿಲ್ಲ. ನಿಮ್ಮ ಮನೆ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ.

ಒಂದು ಲೆಕ್ಕ ಹೇಳುತ್ತೇನೆ, ಸುಮ್ನೆ ಓದಿಬಿಡಬೇಡಿ, ಪೆನ್ನು ಹಿಡಿದು ಹಾಕಿ ನೋಡಿ. ನಮ್ಮ ಕಡೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಒಂದು ಎಕರೆಗೆ ಬೀಳುವುದು 28 ಲಕ್ಷ ಲೀಟರ್. ಹೆಚ್ಚಿನದು ಬಿಸಿಲಿಗೆ, ಗಿಡಕ್ಕೆ, ಹಳ್ಳಕ್ಕೆ ಹೋಗುತ್ತದೆ. ಇಂಥ ಕಲ್ಲಿನ ನೆಲದಲ್ಲಿ ಒಳಗಿಳಿಯುವುದು ನೂರಕ್ಕೆ ಹತ್ತು ಭಾಗ ಅಂತ ಹಿಡಿಯುತ್ತೇವೆ. ಅಂದರೆ 2 ಲಕ್ಷ 80 ಸಾವಿರ ಲೀಟರ್. ಗಂಟೆಗೆ 3,000 ಲೀಟರ್ ಕೊಡುವ ಬೋರನ್ನು ದಿನಕ್ಕೆ ಆರು ಗಂಟೆ ಓಡಿಸಿದರೆ, ಒಂದು ಎಕರೆಯ ವರ್ಷದ ಪಾಲು ಹದಿನಾರು ದಿನಕ್ಕೆ ಮುಗಿಯಿತು. ಉಳಿದ ದಿನಗಳಲ್ಲಿ ಮೇಲೆ ಬರುವುದು ಅಕ್ಕಪಕ್ಕದ ಎಕರೆಗಳ ನೀರು, ಇಲ್ಲವೇ ಹಿಂದಿನ ವರ್ಷಗಳದ್ದು. ನಿಮ್ಮ ಪಕ್ಕದವರಿಗೂ ಇದೇ ಲೆಕ್ಕ. ಅವರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ.

ಹಿಂದಿನವರು ಕೋಲಾರ, ಚಿಕ್ಕಬಳ್ಳಾಪುರದ ಸೀಮೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆ ಕಟ್ಟಿದ್ದು ಆ ಹತ್ತು ಭಾಗವನ್ನು ಹೆಚ್ಚಿಸಿತು. ಹರಿದು ಹೋಗುವ ನೀರು ನಿಂತರೆ ಇಳಿಯಲು ಸಮಯ ಸಿಗುತ್ತದೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಬರುತ್ತಿದೆ. ಆ ನೀರನ್ನು ಇನ್ನೂ ಒಂದು ಹಂತ ಶುದ್ಧ ಮಾಡಬೇಕು ಅನ್ನುವ ಕೂಗಿದೆ, ನಾನೂ ಅದನ್ನೇ ಹೇಳುತ್ತೇನೆ. ಆದರೆ ಕೆರೆ ತುಂಬಿದ ಕಡೆ ಸುತ್ತಲಿನ ಬಾವಿಗಳಲ್ಲಿ ನೀರು ಏರಿತು. ನಿಂತ ನೀರು ಗೊರಚಿಗೆ ಇಳಿಯುತ್ತದೆ ಅನ್ನುವುದಕ್ಕೆ ಅದು ಕಣ್ಣೆದುರಿನ ಸಾಕ್ಷಿ.

ಈಗ ನೀವು ಏನು ಮಾಡಬಹುದು? ಹೊಸ ಪಾಯಿಂಟ್ ಬೇಕೇ ಬೇಕು ಅಂದರೆ ತೆಂಗಿನಕಾಯಿ ಹಿಡಿದು ನೀರಿನ ಜಾಗ ಹೇಳುವವರ ಜೊತೆಗೆ ವಿದ್ಯುತ್ ಪರೀಕ್ಷೆಯನ್ನೂ ಮಾಡಿಸಿ. ನಾಲ್ಕು ಕಬ್ಬಿಣದ ಗೂಟ ನೆಟ್ಟು, ನೆಲ ಕರೆಂಟನ್ನು ಎಷ್ಟು ತಡೆಯುತ್ತದೆ ಅಂತ ಅಳೆಯುತ್ತೇವೆ. ಒದ್ದೆ ಗೊರಚು ಸುಲಭವಾಗಿ ಬಿಡುತ್ತದೆ, ಗಟ್ಟಿ ಬಂಡೆ ಬಿಡುವುದಿಲ್ಲ. ನೀರು ಖಂಡಿತ ಅಂತ ಅದು ಹೇಳುವುದಿಲ್ಲ, ಗೊರಚು ಎಷ್ಟು ದಪ್ಪ ಅಂತ ಹೇಳುತ್ತದೆ. ದಪ್ಪ ಇದ್ದ ಕಡೆ ಕೊರೆಸುವುದು ಮೇಲು. ಹೊಲದ ತಗ್ಗಿನಲ್ಲಿ ಒಂದು ಕೃಷಿ ಹೊಂಡ ತೋಡಿಸಿ, ಬದುಗಳನ್ನು ಗಟ್ಟಿ ಮಾಡಿ.

ಒಣಗಿದ ಬೋರಿನ ಬಗ್ಗೆ ಮಾತ್ರ ಇವತ್ತೇ ಗಮನ ಕೊಡಿ. ಅದರ ಬಾಯಿ ತೆರೆದೇ ಇದೆ ಅಂತ ಬರೆದಿದ್ದೀರಿ. ಕೇಸಿಂಗ್ ಪೈಪಿಗೆ ಕಬ್ಬಿಣದ ಮುಚ್ಚಳ ಬೆಸುಗೆ ಹಾಕಿಸಿ, ಸುತ್ತ ಕಾಂಕ್ರೀಟ್ ಕಟ್ಟಿಸಿ. ಬೆಸುಗೆಯವರು ನಾಳೆ ಬರುತ್ತಾರೆ ಅಂದರೆ, ಇವತ್ತು ರಾತ್ರಿಗೆ ಮೇಲೊಂದು ಚಪ್ಪಡಿ ಎಳೆದು ಮುಳ್ಳು ಹಾಕಿ. ಹೊಲದಲ್ಲಿ ಮಕ್ಕಳು ಓಡಾಡುತ್ತಾರೆ.