ಆಫೀಸ್ ಕೆಲಸದ ಮೇಲೆ ವಿಮಾನದಲ್ಲಿ ಹೋಗುವಾಗ ಅಕೌಸ್ಟಿಕ್ ಗಿಟಾರ್ ಒಯ್ಯಬಹುದಾ?

ಖಂಡಿತ ಒಯ್ಯಬಹುದು. ಪೂರ್ತಿ ಗಾತ್ರದ ಗಿಟಾರ್ ಸುಮಾರು 1 ಮೀಟರ್ ಉದ್ದ, ಕ್ಯಾಬಿನ್ ಬ್ಯಾಗಿನ ಮಿತಿ ಸಾಮಾನ್ಯವಾಗಿ 55 ಸೆಂ.ಮೀ. ಆಸುಪಾಸು, ಹಾಗಾಗಿ ಒಳಗೆ ಬಿಡ್ತಾರಾ ಇಲ್ವಾ ಅನ್ನೋದು ಆ ಏರ್‌ಲೈನ್ ನಿಯಮದ ಮೇಲೆ, ಜೊತೆಗೆ ಮೇಲಿನ ಬಿನ್‌ನಲ್ಲಿ ಉಳಿದಿರುವ ಜಾಗದ ಮೇಲೆ ನಿಂತಿದೆ. ಟಿಕೆಟ್ ಬುಕ್ ಮಾಡುವ ಮೊದಲೇ ಕೇಳಿಕೊಳ್ಳಿ. ಲ್ಯಾಪ್‌ಟಾಪ್ ಬ್ಯಾಗ್ ಹೇಗೂ ಇರುತ್ತೆ ಅಲ್ವಾ, ಗಿಟಾರ್ ಸೇರಿದರೆ ಲೆಕ್ಕ ಮೀರುತ್ತಾ ನೋಡಿ.

ಚೆಕ್-ಇನ್ ಮಾಡಲೇಬೇಕಾದರೆ ಹಾರ್ಡ್ ಕೇಸ್ ಬೇಕೇ ಬೇಕು, ಬಟ್ಟೆಯ ಗಿಗ್ ಬ್ಯಾಗ್ ಸಾಲದು. ಕೇಸ್ ಬಿದ್ದಾಗ ಹೆಡ್‌ಸ್ಟಾಕ್ (ತಂತಿ ಬಿಗಿಸುವ ಕಿವಿಗಳಿರುವ ತುದಿ) ಜೋರಾಗಿ ಹಿಂದಕ್ಕೆ ಬಾಗುತ್ತದೆ, ನಟ್‌ನ (ಅಲ್ಲಿ ತಂತಿಗಳು ಕೂರುವ ಚಿಕ್ಕ ಪಟ್ಟಿ) ಹಿಂದೆ ಮರ ತೆಳುವಾಗಿರುವುದರಿಂದ ಅಲ್ಲೇ ಸೀಳು ಬಿಡುತ್ತದೆ. ಅದಕ್ಕೇ ಹೆಡ್‌ಸ್ಟಾಕ್‌ನ ಕೆಳಗೂ ಮೇಲೂ ಟೀಶರ್ಟ್ ಮಡಚಿ ತುಂಬಿ, ಬಾಡಿ ಅಲುಗಾಡದಂತೆ ಸುತ್ತಲೂ ತುರುಕಿ. ತಂತಿಗಳನ್ನು ಒಂದೆರಡು ಸ್ವರ ಇಳಿಸಿದರೆ ಸಾಕು, ಪೂರ್ತಿ ಬಿಚ್ಚಬೇಡಿ. ತಂತಿ ಕತ್ತರಿಸುವ ಕಟರ್ ಚೆಕ್-ಇನ್ ಬ್ಯಾಗಿಗೇ ಹಾಕಿ.

ತಲುಪಿದ ತಕ್ಷಣ ಕೇಸ್ ತೆರೆಯಬೇಡಿ. ತಣ್ಣಗಿರುವ ಮರಕ್ಕೆ ಒಮ್ಮೆಲೇ ಬೆಚ್ಚಗಿನ ಗಾಳಿ ತಾಗಿದರೆ ಮೇಲಿನ ಪಾಲಿಶ್ ಬಿರಿಯಬಹುದು, ಒಂದೆರಡು ಗಂಟೆ ಹಾಗೇ ಇರಲಿ.

ಎರಡು ಮೂರು ದಿನದ ಕೆಲಸಕ್ಕೆ ಹೋಗೋದಾದರೆ ನನ್ನ ಸಲಹೆ, ಸುಮ್ನೆ ಒಂದು ಚಿಕ್ಕ ಟ್ರಾವೆಲ್ ಗಿಟಾರ್ ಒಯ್ಯಿರಿ. ಇನ್ನು ನಿಮ್ಮದು ಬ್ರೆಜಿಲಿಯನ್ ರೋಸ್‌ವುಡ್‌ನ ಹಳೇ ಗಿಟಾರ್ ಆಗಿದ್ದರೆ, 1992ರಿಂದ ಆ ಮರ ಸೈಟಿಸ್ (ಅಳಿವಿನಂಚಿನ ಪ್ರಾಣಿ, ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ) ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ, ದೇಶ ದಾಟುವ ಮುನ್ನ ಪರವಾನಗಿ ವಿಚಾರಿಸಿ.