ಒಂದೇ ಅಂಗಳ, ಎರಡು ಮನೆ

ಪ್ರಶ್ನೆ: ಅಕ್ಕ, ನಾವು ಕೇರಳದ ಕಾಸರಗೋಡಿನ ಬದಿಯಡ್ಕ ಕಡೆಯ ಕೊರಗರು. ಸರಕಾರದಿಂದ ಸಿಕ್ಕಿದ ಎರಡು ಕೋಣೆಯ ಮನೆ ಅಪ್ಪನ ಹೆಸರಿನಲ್ಲಿದೆ. ಅದರಲ್ಲಿ ನಾನು, ಹೆಂಡತಿ, ಇಬ್ಬರು ಮಕ್ಕಳು, ಈಗ ತಮ್ಮ ಮತ್ತು ಅವನ ಹೆಂಡತಿ ಇದ್ದೇವೆ. ಅಪ್ಪ ಅಮ್ಮ ಅಂಗಳದ ಆಚೆ ತೆಂಗಿನ ಮಡಲು ಹೊದೆಸಿದ ಕೊಪ್ಪದಲ್ಲಿ, ಅಂದರೆ ಗುಡಿಸಲಿನಲ್ಲಿ ಇರುತ್ತಾರೆ, ಕುಕ್ಕೆ (ಬುಟ್ಟಿ) ಹೆಣೆಯುವುದೂ ಅಲ್ಲೇ, ಮಲಗುವುದೂ ಅಲ್ಲೇ. ಊಟ ಮಾತ್ರ ಎಲ್ಲರದೂ ಒಟ್ಟಿಗೆ. ಬಂದವರೆಲ್ಲ ‘ಹೆತ್ತವರನ್ನು ಹೊರಗೆ ಹಾಕಿದ್ದಾನೆ’ ಅನ್ನುತ್ತಾರೆ. ತಮ್ಮನಿಗೆ ಮನೆ ಕೇಳಿದರೆ ಕಚೇರಿಯವರು ‘ನಿಮಗೊಂದು ಸಿಕ್ಕಿದೆಯಲ್ಲ’ ಅನ್ನುತ್ತಾರೆ. ನಾವು ಬೇರೆಯಾಗಲೇಬೇಕಾ?

ಉತ್ತರ: ಬೇಡ. ಬೇರೆ ಮಾಡಬೇಕಾದ್ದು ಕಾಗದ, ಅಂಗಳ ಅಲ್ಲ.

ಮೊದಲು ಜನರ ಮಾತಿಗೆ ಬರುತ್ತೇನೆ. ಹಸಿ ಬಿದಿರು ಸೀಳಬೇಕು, ಕಾಡಿನಿಂದ ತಂದ ಬೀಳು (ಬಳ್ಳಿ) ಹೆರೆದು ಹರಡಬೇಕು, ಕಾಲು ಚಾಚಿ ಕೂತು ಕುಕ್ಕೆಗೆ ಬುಡ ಹಾಕಬೇಕು. ಇಷ್ಟನ್ನೂ ಆರು ಜನ ಮಲಗುವ ಎರಡು ಕೋಣೆಯೊಳಗೆ ಮಾಡೋದು ಹೇಗೆ? ಕೊಪ್ಪ ನಿಮ್ಮ ಅಪ್ಪ ಅಮ್ಮನಿಗೆ ಮನೆಯೂ ಹೌದು, ಕೆಲಸದ ಜಾಗವೂ ಹೌದು. ಅದನ್ನು ಕಂಡು ನಿಮ್ಮನ್ನು ಬೈಯುವವರು ಒಟ್ಟಿಗೆ ಉಣ್ಣುವುದನ್ನು ಯಾಕೆ ನೋಡುವುದಿಲ್ಲ? ಆದರೂ ನೀವೊಮ್ಮೆ ಅವರನ್ನೇ ಕೇಳಬೇಕು. ಇಷ್ಟಪಟ್ಟು ಅಲ್ಲಿದ್ದಾರಾ, ಅಥವಾ ಸೊಸೆಯಂದಿರಿಗೆ, ಮೊಮ್ಮಕ್ಕಳಿಗೆ ಜಾಗ ಆಗಲಿ ಅಂತ ಸುಮ್ನೆ ಸರಿದುಕೊಂಡರಾ? ವಯಸ್ಸಾದವರು ಇಂಥದ್ದನ್ನು ತಾವಾಗಿ ಹೇಳುವುದಿಲ್ಲ. ಆಟಿ ತಿಂಗಳ ಮಳೆಗೆ ಮಡಲು ಸೋರುವಾಗಲಾದರೂ ಒಳಗೆ ಅವರಿಗೊಂದು ಮೂಲೆ ಖಾಲಿ ಇರಲಿ.

ಇನ್ನು ಕಚೇರಿಯ ಲೆಕ್ಕ. ದೇಶದಲ್ಲಿ ವಿಶೇಷವಾಗಿ ದುರ್ಬಲ ಎಂದು ಗುರುತಿಸಿದ 75 ಬುಡಕಟ್ಟುಗಳಲ್ಲಿ ಕೊರಗರೂ ಇದ್ದಾರೆ. ಇವರಿಗಾಗಿಯೇ 2023ರ ನವೆಂಬರ್‌ನಲ್ಲಿ ಪಿಎಂ ಜನ್‌ಮನ್ ಅನ್ನುವ ಕೇಂದ್ರದ ಯೋಜನೆ ಶುರುವಾಯಿತು, ಅದರಲ್ಲಿ ಒಂದು ಮನೆಗೆ 2 ಲಕ್ಷ ರೂಪಾಯಿ ಇಟ್ಟಿದ್ದಾರೆ. ಕೇಂದ್ರದ ವಸತಿ ಯೋಜನೆಯಲ್ಲಿ ಕುಟುಂಬ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು, ಅಷ್ಟೇ. ಹಾಗಾಗಿ ಮದುವೆಯಾದ ತಮ್ಮ ಇನ್ನೊಂದು ಕುಟುಂಬ, ‘ನಿಮಗೊಂದು ಸಿಕ್ಕಿದೆಯಲ್ಲ’ ಅನ್ನುವ ಉತ್ತರಕ್ಕೆ ನೀವು ಸುಮ್ಮನಾಗಬೇಕಿಲ್ಲ. ಈಗ ಯಾವ ಪಟ್ಟಿಗೆ ಹೆಸರು ಸೇರಿಸುತ್ತಿದ್ದಾರೆ ಅಂತ ನಿಮ್ಮ ಊರಿನ ಎಸ್‌ಟಿ ಪ್ರಮೋಟರ್ (ಪಂಗಡದವರಿಗೆ ಯೋಜನೆ ತಲುಪಿಸಲು ಸರಕಾರ ನೇಮಿಸಿದವರು) ಹತ್ತಿರ ಕೇಳಿ, ಕೇರಳದ ವಸತಿ ಯೋಜನೆ ಲೈಫ್ ಮಿಷನ್ ಬಗ್ಗೆಯೂ ಕೇಳಿ. ಊರುಕೂಟದಲ್ಲಿ, ಅಂದರೆ ನಿಮ್ಮ ಪಂಗಡದ ಊರ ಸಭೆಯಲ್ಲಿ ವಿಷಯ ಎತ್ತಿ, ಬಾಯಿಮಾತಿಗೆ ಬಿಡದೆ ಮಿನಿಟ್ಸ್‌ನಲ್ಲಿ ಬರೆಸಿ. ಅರ್ಜಿ ಕನ್ನಡದಲ್ಲೇ ಕೊಡಿ, ಕಾಸರಗೋಡಿನ ಭಾಷಾ ಅಲ್ಪಸಂಖ್ಯಾತರಿಗೆ ಆ ಹಕ್ಕಿದೆ.

ಮನೆಗಿಂತ ಮೊದಲು ಆಗಬೇಕಾದ್ದು ರೇಷನ್ ಕಾರ್ಡ್. ಎಂಟೂ ಜನ ಒಂದೇ ಹಳದಿ ಕಾರ್ಡಿನಲ್ಲಿದ್ದರೆ ನಿಮಗೆ ನಷ್ಟ ಜಾಸ್ತಿ. ಹಳದಿ ಅಂದರೆ ಅಂತ್ಯೋದಯ, ಮನೆಯಲ್ಲಿ ಇಬ್ಬರಿರಲಿ ಎಂಟು ಜನ ಇರಲಿ, ಕಾರ್ಡಿಗೆ ತಿಂಗಳಿಗೆ 35 ಕಿಲೋ. ಗುಲಾಬಿ ಕಾರ್ಡಿನವರಿಗೆ ತಲೆಗೆ 5 ಕಿಲೋ, ಅಂದರೆ ಎಂಟು ಜನಕ್ಕೆ 40. ಕಡು ಬಡವರ ಕಾರ್ಡ್ ಇದ್ದೂ ನಿಮಗೆ ಕಡಿಮೆ ಸಿಗುತ್ತದೆ! ತಮ್ಮನ ಹೆಸರು ಬೇರೆ ಮಾಡಿಸಲು ಸರಕಾರಿ ಅರ್ಜಿಗಳನ್ನು ಆನ್‌ಲೈನ್ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿ. ಹೊಸ ಕಾರ್ಡಿನ ಬಣ್ಣ ಯಾವುದಾಗುತ್ತದೆ ಅಂತ ಮೊದಲೇ ವಿಚಾರಿಸಿ, ಅದೂ ಹಳದಿಯೇ ಬೇಕು ಅಂತ ತಾಲೂಕು ಸಪ್ಲೈ ಆಫೀಸಿನಲ್ಲಿ ಬರೆದು ಕೊಡಿ. ಕಾರ್ಡ್ ಎರಡಾದರೂ ಅನ್ನ ಒಂದೇ ಪಾತ್ರೆಯಲ್ಲಿ ಬೇಯಲಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಪ್ರಶ್ನೆ: ನಾನು ಪೆರ್ಲದ ಹತ್ತಿರದವಳು, ಮರಾಟಿ ಸಮುದಾಯ. ಮದುವೆಯಾಗಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ನೋಡಿಕೊಳ್ಳುವುದು ನಾನೇ. ಅಣ್ಣಂದಿರು ‘ಎಸ್‌ಟಿ ಹೆಣ್ಣುಮಕ್ಕಳಿಗೆ ಕಾನೂನಿನಲ್ಲಿ ಪಾಲಿಲ್ಲ, ಅಮ್ಮ ಇರುವವರೆಗೆ ಇರು’ ಅನ್ನುತ್ತಾರೆ. ಹೌದಾ?

ಉತ್ತರ: ಅರ್ಧ ಸತ್ಯ ಹೇಳಿ ಹೆದರಿಸುತ್ತಿದ್ದಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪರಿಶಿಷ್ಟ ಪಂಗಡಗಳಿಗೆ ನೇರವಾಗಿ ಅನ್ವಯಿಸುವುದಿಲ್ಲ, ಅಷ್ಟು ನಿಜ. ಇದನ್ನು ಸರಿಪಡಿಸುವ ಬಗ್ಗೆ ಯೋಚಿಸಿ ಅಂತ ಸುಪ್ರೀಂ ಕೋರ್ಟ್ 2022ರಲ್ಲೇ ಕೇಂದ್ರಕ್ಕೆ ಹೇಳಿತ್ತು. 2025ರ ಜುಲೈಯಲ್ಲಿ ಛತ್ತೀಸ್‌ಗಢದ ಗೋಂಡ ಕುಟುಂಬವೊಂದರ ಪ್ರಕರಣದಲ್ಲಿ ಇನ್ನೂ ಮುಂದೆ ಹೋಯಿತು. ಹೆಣ್ಣಿಗೆ ಪಾಲಿಲ್ಲ ಅನ್ನುವ ಪದ್ಧತಿ ಇದೆ ಅಂತ ಯಾರೂ ಸಾಬೀತು ಮಾಡದಿರುವಾಗ ಆಕೆಗೆ ಪಾಲು ನಿರಾಕರಿಸುವುದು ಸಮಾನತೆಯ ಹಕ್ಕಿಗೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಹಾಗಾಗಿ ‘ನಮ್ಮಲ್ಲಿ ಕೊಡುವ ಕ್ರಮ ಇಲ್ಲ’ ಅಂದರೆ, ಎಲ್ಲಿದೆ ಆ ಕ್ರಮ, ತೋರಿಸಿ ಅಂತ ಕೇಳಿ.

ಜಗಳಕ್ಕಿಂತ ಮೊದಲು ವಿಲೇಜ್ ಆಫೀಸಿಗೆ ಹೋಗಿ ಜಾಗ ಈಗ ಯಾರ ಹೆಸರಿನಲ್ಲಿದೆ, ತೆರಿಗೆ ಯಾರು ಕಟ್ಟುತ್ತಿದ್ದಾರೆ ನೋಡಿ. ‘ಸುಮ್ನೆ ಒಂದು ಸಹಿ’ ಅಂತ ಯಾವುದಾದರೂ ಕಾಗದ ಮುಂದಿಟ್ಟರೆ ಓದದೆ ಸಹಿ ಹಾಕಬೇಡಿ, ಅಮ್ಮನಿಗೂ ಹೇಳಿಡಿ. ವಕೀಲರ ಖರ್ಚಿಗೆ ಹೆದರಬೇಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ, ಕಾಸರಗೋಡಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಅಲ್ಲಿಗೆ ಹೋಗುವಾಗ ಅಪ್ಪನ ಮರಣ ಪ್ರಮಾಣಪತ್ರ, ತೆರಿಗೆ ರಸೀದಿ, ರೇಷನ್ ಕಾರ್ಡ್ ಮೂರೂ ಕೈಯಲ್ಲಿರಲಿ.